ಒಂದು ಕೆರೆಯ ಚರಿತ್ರೆ ಎಷ್ಟು ಕಪಾಟುಗಳಲ್ಲಿದೆ? ಧಾರವಾಡ ಸುತ್ತಿನ ಗ್ರಂಥಾಲಯಗಳು ಮತ್ತು ವಿದ್ಯಾರ್ಥಿ ಸಂಶೋಧನೆ

(ಹುಬ್ಬಳ್ಳಿಯ ಕಾಲೇಜೊಂದರ ಅಂತಿಮ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ)

ಪ್ರಾಚಾರ್ಯರೇ, ಸಹೋದ್ಯೋಗಿ ಮಿತ್ರರೇ, ಪ್ರೀತಿಯ ವಿದ್ಯಾರ್ಥಿಗಳೇ,

ಕಿರುಪ್ರಬಂಧದ ವಿಷಯ ಗೊತ್ತಾದ ದಿನವೇ ನೀವು ಅಧ್ಯಾಪಕರನ್ನು ಕೇಳುವ ಮೊದಲ ಪ್ರಶ್ನೆ, "ಸರ್, ಮಟೀರಿಯಲ್ ಎಲ್ಲಿ ಸಿಗುತ್ತದೆ?" ಎಂಬುದು. ಪ್ರಶ್ನೆ ಸರಿಯಾದುದೇ. ಅದಕ್ಕೆ ಸಿಗುವ ಉತ್ತರ ಮಾತ್ರ ಬಹಳ ಸಲ ಒಂದೆರಡು ಪಠ್ಯಪುಸ್ತಕಗಳ ಹೆಸರಿನಲ್ಲಿ, ಇಲ್ಲವೆ ಮೊಬೈಲಿನ ಹುಡುಕಾಟದಲ್ಲಿ ಮುಗಿದುಹೋಗುತ್ತದೆ. ನೀವು ಕುಳಿತಿರುವ ಈ ಸಭಾಂಗಣದಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. ಆ ಅಂತರದೊಳಗೆ ಒಂದು ಸಾಮಾನ್ಯ ವಿಶ್ವವಿದ್ಯಾಲಯ, ಒಂದು ಕೃಷಿ ವಿಶ್ವವಿದ್ಯಾಲಯ, ಒಂದು ಕಾನೂನು ವಿಶ್ವವಿದ್ಯಾಲಯ, ಒಂದು ಐಐಟಿ, ನೀರಾವರಿಗೆಂದೇ ಇರುವ ಒಂದು ತರಬೇತಿ ಸಂಸ್ಥೆ, ಶಾಸನ ಮತ್ತು ಹಸ್ತಪ್ರತಿಗಳಿಗೆ ಹೆಸರಾದ ಒಂದು ಅಧ್ಯಯನ ಪೀಠ, ಇವುಗಳ ಜೊತೆಗೆ ಸಾರ್ವಜನಿಕ ಗ್ರಂಥಾಲಯಗಳು ಇವೆ. ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮೈಸೂರನ್ನು ಬಿಟ್ಟರೆ ಇಷ್ಟು ದಟ್ಟವಾದ ಗ್ರಂಥಸಂಪತ್ತು ಬಸ್ಸಿನ ಒಂದು ಟಿಕೆಟಿನ ದೂರದಲ್ಲಿ ಸಿಗುವ ಊರು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ನಮ್ಮ ವಿದ್ಯಾರ್ಥಿಗಳ ತೊಂದರೆ ಇರುವುದು ಬೇರೆ ಕಡೆ: ತಮಗೆ ಬೇಕಾದ ಕಾಗದ ಯಾವ ಕಪಾಟಿನಲ್ಲಿ, ಯಾವ ಹೆಸರಿನಲ್ಲಿ ಕುಳಿತಿದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಇಂದು ನಾನು ಮಾತನಾಡುವುದು ಅದನ್ನೇ.

ಸಾಮಾನ್ಯ ಉಪದೇಶಕ್ಕಿಂತ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ನಡೆಯುವುದು ಒಳ್ಳೆಯದು. ನವಲಗುಂದ ತಾಲೂಕಿನ ಹಳ್ಳಿಯೊಂದರಿಂದ ಬಂದ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ಕುಡಿಯುವ ನೀರಿನ ಕೆರೆಯ ಬಗ್ಗೆ ಕಿರುಪ್ರಬಂಧ ಬರೆಯಲು ಹೊರಟಿದ್ದಾಳೆ ಎಂದು ಭಾವಿಸೋಣ. ಅದು ಎರೆ ಭೂಮಿಯ ಸೀಮೆ. ನೆಲದೊಳಗಿನ ನೀರು ಬಹುಕಡೆ ಸವಳು. ಹೀಗಾಗಿ ಅಲ್ಲಿಯ ಹಳ್ಳಿಗಳಿಗೆ ಕೆರೆಯೆಂದರೆ ಹೊಲಕ್ಕೆ ನೀರುಣಿಸುವ ವ್ಯವಸ್ಥೆಗಿಂತ ಮೊದಲು ಕೊಡ ತುಂಬಿಕೊಳ್ಳುವ ಜಾಗ. ವಿಷಯ ಚೆನ್ನಾಗಿದೆ, ಅವಳ ಅನುಭವಕ್ಕೆ ಹತ್ತಿರವಾಗಿದೆ. ಆದರೆ ಕಾಲೇಜಿನ ಗ್ರಂಥಾಲಯದಲ್ಲಿ ಆ ಊರಿನ ಹೆಸರಿರುವ ಪುಸ್ತಕ ಒಂದೂ ಇಲ್ಲ. ಇಲ್ಲಿಗೆ ನಿಂತುಬಿಡುವವರೇ ಹೆಚ್ಚು.

ಮುಂದಿನ ಹೆಜ್ಜೆ ಇಡುವ ಮೊದಲು ಅವಳು ತನ್ನ ಜಿಲ್ಲೆಯ ಆಡಳಿತದ ಚರಿತ್ರೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಇದನ್ನು ನಾನು ಎಲ್ಲಕ್ಕಿಂತ ಒತ್ತಿ ಹೇಳುತ್ತೇನೆ. ಏಕೆಂದರೆ ಸರ್ಕಾರಿ ದಾಖಲೆಗಳು ಆ ಕಾಲದಲ್ಲಿ ಆಳುತ್ತಿದ್ದವರ ರಾಜಧಾನಿಗೆ ಹೋಗಿ ಸೇರುತ್ತವೆ, ಆ ಕಾಲದ ಹೆಸರಿನಲ್ಲೇ ಉಳಿಯುತ್ತವೆ. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಅನಂತರ ಮೈಸೂರು ರಾಜ್ಯಕ್ಕೆ ಸೇರಿತು, ಆ ರಾಜ್ಯಕ್ಕೆ 1973ರಲ್ಲಿ ಕರ್ನಾಟಕವೆಂದು ಹೆಸರಾಯಿತು. 1997ರಲ್ಲಿ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದವು. ಆದ್ದರಿಂದ ಧಾರವಾಡ ಜಿಲ್ಲೆಯ ಜನಗಣತಿ ಕೈಪಿಡಿಯನ್ನು ಕ್ಯಾಟಲಾಗಿನಲ್ಲಿ ಹುಡುಕುವಾಗ 1951ರದ್ದು ಮುಂಬಯಿ ಸರ್ಕಾರದ ಪ್ರಕಟಣೆಯಾಗಿ, 1961 ಮತ್ತು 1971ರವು ಮೈಸೂರಿನ ಹೆಸರಿನಲ್ಲಿ, 1981ರಿಂದ ಮುಂದಿನವು ಕರ್ನಾಟಕದ ಹೆಸರಿನಲ್ಲಿ ಇರುತ್ತವೆ. ಒಂದೇ ಜಿಲ್ಲೆಯ ಒಂದೇ ಮಾಲಿಕೆ ಮೂರು ತಲೆಬರಹಗಳ ಕೆಳಗೆ ಹಂಚಿಹೋಗಿರುತ್ತದೆ. ಇದು ಗೊತ್ತಿಲ್ಲದವರು "1951ರದ್ದು ಇಲ್ಲಿ ಇಲ್ಲ" ಎಂದು ಬರೆದುಕೊಂಡು ಹೊರಬರುತ್ತಾರೆ, ಪುಸ್ತಕ ಅದೇ ಕೋಣೆಯಲ್ಲಿ ಇರುತ್ತದೆ.

ಇದೇ ಮಾತು ಕರ್ನಾಟಕದ ಬೇರೆ ಭಾಗಗಳಿಗೂ ಅನ್ವಯಿಸುತ್ತದೆ. ಕಲಬುರಗಿಯ ವಿದ್ಯಾರ್ಥಿಗೆ ಹೈದರಾಬಾದು, ಮಂಗಳೂರಿನವನಿಗೆ ಚೆನ್ನೈ, ನಮಗೆ ಮುಂಬಯಿ, ಇವು ಹಳೆಯ ದಾಖಲೆಗಳ ದೂರದ ಮನೆಗಳು. ನಮ್ಮ ಜಿಲ್ಲೆಯ ಒಳಗೂ ಸೀಮೆಗಳು ಹರಿದು ಹಂಚಿಹೋಗಿದ್ದವು. ಕುಂದಗೋಳ ಜಮಖಂಡಿ ಸಂಸ್ಥಾನದ ಕೈಯಲ್ಲಿತ್ತು, ಶಿರಹಟ್ಟಿ ಸಾಂಗ್ಲಿಯದಾಗಿತ್ತು, ಸವಣೂರಿಗೆ ತನ್ನದೇ ನವಾಬರಿದ್ದರು. ಈ ಊರುಗಳ ವಿದ್ಯಾರ್ಥಿಗಳು ಬ್ರಿಟಿಷ್ ಕಾಲದ ಧಾರವಾಡ ಜಿಲ್ಲೆಯ ಅಂಕಿಅಂಶಗಳಲ್ಲಿ ತಮ್ಮ ಊರು ಕಾಣದಿದ್ದರೆ ಗಾಬರಿಯಾಗಬೇಕಿಲ್ಲ, ಅದು ಆಗ ಆ ಜಿಲ್ಲೆಯೊಳಗೆ ಇರಲೇ ಇಲ್ಲ.

ಈಗ ನಮ್ಮ ವಿದ್ಯಾರ್ಥಿನಿ ಧಾರವಾಡದ ಬಸ್ಸು ಹತ್ತಬಹುದು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಅದರ ಕೇಂದ್ರ ಗ್ರಂಥಾಲಯಕ್ಕೆ ಪ್ರೊ. ಎಸ್.ಎಸ್. ಬಸವನಾಳರ ಹೆಸರಿದೆ. ಇಂಥ ಗ್ರಂಥಾಲಯಗಳಲ್ಲಿ ಹೊರಗಿನ ವಿದ್ಯಾರ್ಥಿಗೆ ಪುಸ್ತಕ ಮನೆಗೆ ಒಯ್ಯುವ ಅವಕಾಶ ಸಿಗುವುದು ಅಪರೂಪ. ಅಲ್ಲೇ ಕುಳಿತು ಓದಲು ಅನುಮತಿ ಕೇಳಬೇಕು. ಅದಕ್ಕೆ ಬೇಕಾದದ್ದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರಾಚಾರ್ಯರ ಸಹಿ ಮತ್ತು ಮೊಹರು ಇರುವ ಒಂದು ಪರಿಚಯ ಪತ್ರ, ಗುರುತಿನ ಚೀಟಿ, ಒಂದೆರಡು ಫೋಟೋ. ಶುಲ್ಕ, ಸಮಯ, ರಜೆ ಇವು ಆಗಾಗ ಬದಲಾಗುವ ಸಂಗತಿಗಳಾದ್ದರಿಂದ ಹೊರಡುವ ಮುನ್ನ ಫೋನ್ ಮಾಡಿ ಕೇಳಿಕೊಳ್ಳಿ. ಪರಿಚಯ ಪತ್ರದಲ್ಲಿ "ಸಂಶೋಧನೆಗಾಗಿ ಅನುಮತಿ ನೀಡಬೇಕು" ಎಂಬ ಒಂದು ಸಾಲು ಸಾಲದು. ಪ್ರಬಂಧದ ಶೀರ್ಷಿಕೆ, ನೋಡಬೇಕಾದ ಸಾಮಗ್ರಿಯ ಬಗೆ, ಎಷ್ಟು ದಿನ ಬರುತ್ತೀರಿ ಎಂಬುದು, ಮಾರ್ಗದರ್ಶಕರ ಹೆಸರು ಇವಿಷ್ಟೂ ಇರಬೇಕು. ಅಧ್ಯಾಪಕ ಮಿತ್ರರಲ್ಲಿ ನನ್ನ ಕಳಕಳಿಯ ವಿನಂತಿ: ಈ ಪತ್ರವನ್ನು ವಿದ್ಯಾರ್ಥಿಗೆ ಬರೆದುಕೊಳ್ಳಲು ಬಿಡದೆ ನೀವೇ ಬರೆಯಿರಿ. ಹಳ್ಳಿಯಿಂದ ಬಂದ ಹುಡುಗಿಯೊಬ್ಬಳು ದೊಡ್ಡ ಕಟ್ಟಡವೊಂದರ ಬಾಗಿಲಲ್ಲಿ ನಿಂತು ತಾನು ಯಾರೆಂದು ವಿವರಿಸುವ ಸಂಕೋಚವನ್ನು ನಿಮ್ಮ ನಾಲ್ಕು ಸಾಲುಗಳು ತಪ್ಪಿಸುತ್ತವೆ.

ಒಳಗೆ ಹೋದ ಮೇಲೆ ಕಪಾಟುಗಳ ಮಾತು. ನಮ್ಮಲ್ಲಿ ಹೆಚ್ಚಿನ ಗ್ರಂಥಾಲಯಗಳು ಡ್ಯೂಯಿ ದಶಮಾಂಶ ವರ್ಗೀಕರಣವನ್ನು, ಅಂದರೆ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಕ್ರಮವನ್ನು, ಅನುಸರಿಸುತ್ತವೆ. ಆ ಕ್ರಮದಲ್ಲಿ ಕೆರೆ ಎಂಬ ಒಂದೇ ವಸ್ತು ಒಂದೇ ಕಡೆ ಇರುವುದಿಲ್ಲ. ನೀರನ್ನು ಸಂಪನ್ಮೂಲವಾಗಿ ನೋಡುವ ಪುಸ್ತಕಗಳು 333.91ರಲ್ಲಿ, ಏರಿ ತೂಬುಗಳ ಎಂಜಿನಿಯರಿಂಗ್ 627ರಲ್ಲಿ, ಬೇಸಾಯದ ನೀರಾವರಿ 631ರಲ್ಲಿ, ಕರ್ನಾಟಕದ ಚರಿತ್ರೆ 954.87ರಲ್ಲಿ, ಕೆರೆಯ ಮೇಲಿನ ಕನ್ನಡ ಕಥೆ ಕವಿತೆಗಳು 894.814ರಲ್ಲಿ ಇರುತ್ತವೆ. ಒಂದು ಕಪಾಟಿನ ಮುಂದೆ ನಿಂತು ಸಿಗಲಿಲ್ಲವೆಂದು ಹಿಂದಿರುಗುವವರು ಉಳಿದ ನಾಲ್ಕನ್ನು ನೋಡಿಯೇ ಇರುವುದಿಲ್ಲ. ಕಂಪ್ಯೂಟರ್ ಕ್ಯಾಟಲಾಗಿನಲ್ಲಿ ಹುಡುಕುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಕನ್ನಡ ಪುಸ್ತಕಗಳ ಹೆಸರುಗಳನ್ನು ಬಹಳ ಕಡೆ ಇಂಗ್ಲಿಷ್ ಲಿಪಿಯಲ್ಲಿ ತುಂಬಿರುತ್ತಾರೆ, ಕಾಗುಣಿತ ತುಂಬಿದವರ ಮೇಲೆ ಅವಲಂಬಿಸಿರುತ್ತದೆ. ಹಳೆಯ ಪುಸ್ತಕಗಳಲ್ಲಿ ಧಾರವಾಡ 'ಧಾರವಾರ್' ಆಗಿರುತ್ತದೆ, ಕರ್ನಾಟಕ 'ಕರ್ನಾಟಕ್' ಆಗಿರುತ್ತದೆ, 2014ಕ್ಕೆ ಮೊದಲಿನ ಹುಬ್ಬಳ್ಳಿ 'ಹುಬ್ಲಿ'ಯಾಗಿರುತ್ತದೆ. ಮೂರು ನಾಲ್ಕು ಬಗೆಯಲ್ಲಿ ಬರೆದು ಹುಡುಕಿದ ಮೇಲಷ್ಟೇ "ಇಲ್ಲ" ಎಂಬ ತೀರ್ಮಾನಕ್ಕೆ ಬರಬೇಕು. ಅದಕ್ಕೂ ಮೊದಲು ಗ್ರಂಥಪಾಲಕರನ್ನು ಕೇಳಬೇಕು.

ಕೇಳುವ ಬಗೆಯೂ ಮುಖ್ಯ. "ಕೆರೆ ಬಗ್ಗೆ ಏನಾದರೂ ಇದೆಯೇ ಸರ್?" ಎಂದರೆ ಅವರು ಕೈ ತೋರಿಸುವುದು ಒಂದು ಸಾಲು ಪುಸ್ತಕಗಳ ಕಡೆಗೆ. "ನವಲಗುಂದ ತಾಲೂಕಿನ ಹಳ್ಳಿಗಳ ಕುಡಿಯುವ ನೀರಿನ ಮೂಲಗಳನ್ನು ಹಳ್ಳಿವಾರು ತೋರಿಸುವ ಹಳೆಯ ಸರ್ಕಾರಿ ಪ್ರಕಟಣೆಗಳು ಬೇಕು" ಎಂದರೆ ಅದೇ ಗ್ರಂಥಪಾಲಕರು ಎದ್ದು ಬಂದು, ಕೀಲಿ ತೆಗೆದು, ಪರಾಮರ್ಶನ ವಿಭಾಗದ ಒಳಕೋಣೆಯ ಕಪಾಟನ್ನು ತೋರಿಸುತ್ತಾರೆ.

ಆ ಕಪಾಟಿನಲ್ಲಿ ಅವಳಿಗೆ ಸಿಗಬೇಕಾದ ಮೊದಲ ಪುಸ್ತಕ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ 22ನೆಯ ಸಂಪುಟ. 1884ರಲ್ಲಿ ಪ್ರಕಟವಾದ ಇದು ಪೂರ್ತಿಯಾಗಿ ಧಾರವಾಡ ಜಿಲ್ಲೆಗೆ ಮೀಸಲು. ಹಳ್ಳ, ಕೆರೆ, ಬಾವಿ, ಬೆಳೆ, ಬರ, ಜಾತ್ರೆ, ಸಂತೆ ಎಲ್ಲವೂ ಇದರಲ್ಲಿವೆ. ಇದರ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿದೆ ನಿಜ. ಆದರೆ ಇಂಥ ಹಳೆಯ ಸಂಪುಟಗಳ ಮಡಿಚಿದ ನಕ್ಷೆಗಳನ್ನು ಸ್ಕ್ಯಾನ್ ಮಾಡುವಾಗ ಬಹಳ ಸಲ ಬಿಚ್ಚಿರುವುದಿಲ್ಲ, ನಕ್ಷೆ ಬೇಕಾದವರು ಪುಸ್ತಕವನ್ನೇ ನೋಡಬೇಕು. ಓದುವಾಗ ಒಂದು ಎಚ್ಚರ ಬೇಕು. ಆಗಿನ ತಾಲೂಕುಗಳು ಈಗಿನವಲ್ಲ. ನರಗುಂದ ಆಗ ನವಲಗುಂದ ತಾಲೂಕಿನೊಳಗೆ ಸೇರಿತ್ತು, ಈಗ ಅದು ಗದಗ ಜಿಲ್ಲೆಯ ಪ್ರತ್ಯೇಕ ತಾಲೂಕು. ಹಿರೇಕೆರೂರಿನ ಸೀಮೆ ಕೋಡ ಎಂಬ ಹೆಸರಿನಲ್ಲಿ, ಹಾವೇರಿಯ ಸೀಮೆ ಕರಜಗಿ ಎಂಬ ಹೆಸರಿನಲ್ಲಿ ಇವೆ. ಆದ್ದರಿಂದ 1884ರ "ನವಲಗುಂದದ ಕೆರೆಗಳು" ಎಂಬ ಅಂಕಿಯನ್ನು 2011ರ ಅಂಕಿಯ ಪಕ್ಕದಲ್ಲಿಟ್ಟು ಇಷ್ಟು ಕೆರೆಗಳು ಮಾಯವಾದವು ಎಂದು ಬರೆದರೆ ಆ ಲೆಕ್ಕ ನಿಲ್ಲುವುದಿಲ್ಲ.

ಜನಗಣತಿ ಕೈಪಿಡಿಗಳ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ನನ್ನ ದೃಷ್ಟಿಯಲ್ಲಿ ಪದವಿ ಮಟ್ಟದ ಸಂಶೋಧನೆಗೆ ಇದಕ್ಕಿಂತ ಉಪಯುಕ್ತವಾದ, ಇದಕ್ಕಿಂತ ಕಡಿಮೆ ಬಳಕೆಯಾಗುವ ಪುಸ್ತಕ ಇನ್ನೊಂದಿಲ್ಲ. ದಪ್ಪ ರಟ್ಟು, ಅಡ್ಡಲಾಗಿ ಮುದ್ರಿಸಿದ ಕೋಷ್ಟಕಗಳು, ಕಣ್ಣು ನೋಯಿಸುವಷ್ಟು ಸಣ್ಣ ಅಕ್ಷರ. ಅದರ ಗ್ರಾಮ ಕೋಷ್ಟಕದಲ್ಲಿ ಪ್ರತಿ ಹಳ್ಳಿಗೂ ಒಂದು ಸಾಲು. ವಿಸ್ತೀರ್ಣ, ಜನಸಂಖ್ಯೆ, ಶಾಲೆ, ಅಂಚೆ, ಬಸ್ಸು, ಹತ್ತಿರದ ಪೇಟೆ ಇವುಗಳ ನಡುವೆ ಕುಡಿಯುವ ನೀರಿನ ಒಂದು ಅಂಕಣವಿದೆ. ಅದರಲ್ಲಿರುವುದು ಸಂಕೇತಾಕ್ಷರಗಳು ಮಾತ್ರ: ಬಾವಿಗೆ 'ಡಬ್ಲ್ಯು', ಕೆರೆಗೆ 'ಟಿಕೆ', ನಳಕ್ಕೆ 'ಟಿ', ಕೈಪಂಪಿಗೆ 'ಎಚ್‌ಪಿ', ಕೊಳವೆ ಬಾವಿಗೆ 'ಟಿಡಬ್ಲ್ಯು'. 1981 ಮತ್ತು 1991ರ ಕೈಪಿಡಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಬಿಚ್ಚಿ, ತನ್ನ ಹಳ್ಳಿಯ ಸಾಲಿನ ಮೇಲೆ ಸ್ಕೇಲು ಇಟ್ಟು ನೋಡಿದರೆ, ಆ ಹತ್ತು ವರ್ಷಗಳಲ್ಲಿ 'ಟಿಕೆ' ಉಳಿಯಿತೇ, ಅದರ ಪಕ್ಕ ಕೈಪಂಪು ಬಂದಿತೇ, ನಳ ಬಂದಿತೇ ಎಂಬುದು ಅವಳಿಗೆ ತಿಳಿಯುತ್ತದೆ. ಇಡೀ ತಾಲೂಕಿನ ಹಳ್ಳಿಗಳಿಗೂ ಇದನ್ನೇ ಮಾಡಿ ಒಂದು ಕೋಷ್ಟಕ ಸಿದ್ಧಪಡಿಸಿದರೆ ಅದು ಅವಳದೇ ಸಂಶೋಧನೆ. ಯಾವ ಜಾಲತಾಣವೂ ಅದನ್ನು ಸಿದ್ಧವಾಗಿ ಕೊಡುವುದಿಲ್ಲ. ಅಜ್ಜಿಯನ್ನು, ಊರ ಹಿರಿಯರನ್ನು ಮಾತನಾಡಿಸಲು ಆಮೇಲೆ ಹೋದರೆ ಕೇಳಬೇಕಾದ ಪ್ರಶ್ನೆಗಳೂ ಹರಿತವಾಗಿರುತ್ತವೆ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಶಾಸನಗಳಿವೆ. ಕೇಂದ್ರ ಸರ್ಕಾರದ ಪುರಾತತ್ವ ಇಲಾಖೆ ಪ್ರಕಟಿಸಿದ ದಕ್ಷಿಣ ಭಾರತೀಯ ಶಾಸನಗಳ ಮಾಲಿಕೆಯಲ್ಲಿ 11, 15, 18 ಮತ್ತು 20ನೆಯ ಸಂಪುಟಗಳು ಮುಂಬಯಿ-ಕರ್ನಾಟಕ ಭಾಗದವು. ಹೆಸರು ಇಂಗ್ಲಿಷಿನಲ್ಲಿದ್ದರೂ ಹೆದರಬೇಡಿ. ಪ್ರತಿ ಶಾಸನದ ಮೇಲೆ ಊರು, ತಾಲೂಕು, ಕಾಲ ಮತ್ತು ಕೆಲವು ಸಾಲುಗಳ ಇಂಗ್ಲಿಷ್ ಸಾರಾಂಶ, ಕೆಳಗೆ ಸಾಲಿನ ಸಂಖ್ಯೆಗಳೊಡನೆ ಕನ್ನಡ ಲಿಪಿಯಲ್ಲೇ ಪೂರ್ಣ ಪಾಠ ಇರುತ್ತದೆ. ಕೊನೆಯ ಸ್ಥಳನಾಮ ಸೂಚಿಯಲ್ಲಿ ನಿಮ್ಮ ಊರನ್ನು ಹುಡುಕಿ. ಕೆರೆಗೆ ಬಿಟ್ಟ ದತ್ತಿ, ಏರಿಯ ದುರಸ್ತಿ, ಗದ್ದೆಯ ಗಡಿ ಇಂಥ ಉಲ್ಲೇಖಗಳು ಸಿಗುವ ಸಾಧ್ಯತೆ ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು. ಮುಂಬಯಿ ಸರ್ಕಾರ 1939ರಲ್ಲಿ ಧಾರವಾಡದಲ್ಲಿ ಸ್ಥಾಪಿಸಿದ ಕನ್ನಡ ಸಂಶೋಧನ ಸಂಸ್ಥೆಯೂ ತನ್ನದೇ ಶಾಸನ ಸಂಪುಟಗಳನ್ನು ಹೊರತಂದಿತು. ಆ ಸಂಸ್ಥೆ ಮುಂದೆ ವಿಶ್ವವಿದ್ಯಾಲಯದ ಭಾಗವಾಯಿತು. ಹಳಗನ್ನಡ ಓದಲು ತೊಡಕಾದರೆ ಅಲ್ಲಿಯ ಕನ್ನಡ ಅಧ್ಯಯನ ಪೀಠದ ಅಧ್ಯಾಪಕರನ್ನು ಸಂಪರ್ಕಿಸಿ. ಪಾಠದ ನಕಲನ್ನು ಕೈಯಲ್ಲಿ ಹಿಡಿದು ಹೋದ ವಿದ್ಯಾರ್ಥಿಗೆ ವಿದ್ವಾಂಸರು ಸಮಯ ಕೊಡುತ್ತಾರೆ.

ಈಚಿನ ಕಾಲಕ್ಕೆ ಬಂದರೆ ನವಲಗುಂದದ ನೀರಿನ ಕಥೆಯಲ್ಲಿ ಮಲಪ್ರಭಾ ಕಾಲುವೆ ಬರಲೇಬೇಕು, ಕಾಲುವೆ ಬಂದ ಮೇಲೆ 1980ರ ಜುಲೈ ತಿಂಗಳ ನರಗುಂದ-ನವಲಗುಂದ ರೈತ ಬಂಡಾಯವೂ ಬರಬೇಕು. ಅದಕ್ಕೆ ಆ ದಿನಗಳ ಪತ್ರಿಕೆಗಳು ಬೇಕು. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಕೇಳುವಾಗ ದಿನಾಂಕಗಳ ಪಟ್ಟಿ ಮಾಡಿಕೊಂಡು ಹೋಗಿ. ಕಾಗದ ಒಣಗಿ ಅಂಚು ಪುಡಿಯಾಗುವ ಸ್ಥಿತಿಯಲ್ಲಿರುತ್ತದೆ, ಜೆರಾಕ್ಸ್ ಯಂತ್ರದ ಮೇಲೆ ಒತ್ತಿದರೆ ಪುಟ ಮುರಿಯುತ್ತದೆ. ಅನುಮತಿ ಪಡೆದು ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ, ಪತ್ರಿಕೆಯ ಹೆಸರು, ದಿನಾಂಕ ಮತ್ತು ಪುಟಸಂಖ್ಯೆ ಅದೇ ಚಿತ್ರದಲ್ಲಿ ಬರುವಂತೆ ನೋಡಿಕೊಳ್ಳಿ. ಕಾಲುವೆ ನೀರಾವರಿಯ ತಾಂತ್ರಿಕ ವರದಿಗಳಿಗೆ ಧಾರವಾಡದಲ್ಲೇ ವಾಲ್ಮಿ ಎಂದು ಪರಿಚಿತವಾದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಿದೆ. ಮಣ್ಣು, ಸವಳು, ಬೆಳೆಗಳ ಬಗ್ಗೆ ಕೃಷಿ ವಿಶ್ವವಿದ್ಯಾಲಯದ ಪ್ರೌಢಪ್ರಬಂಧಗಳಿವೆ, ಅವುಗಳಲ್ಲಿ ಅನೇಕವನ್ನು 'ಕೃಷಿಕೋಶ' ಎಂಬ ಭಂಡಾರದಲ್ಲಿ ಮನೆಯಿಂದಲೇ ಓದಬಹುದು.

ಅಂತರ್ಜಾಲದ ಬಗ್ಗೆಯೂ ಹೇಳಬೇಕಾದದ್ದಿದೆ. 'ಶೋಧಗಂಗಾ'ದಲ್ಲಿ ದೇಶದ ವಿಶ್ವವಿದ್ಯಾಲಯಗಳ 5 ಲಕ್ಷಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳಿವೆ, ಉಚಿತವಾಗಿವೆ. ನಿಮ್ಮ ವಿಷಯಕ್ಕೆ ಹತ್ತಿರದ ಪ್ರಬಂಧವೊಂದು ಸಿಕ್ಕಿದರೆ ಅದರ ಅಧ್ಯಾಯಗಳನ್ನು ನಕಲಿಸಬೇಡಿ, ಅದರ ಗ್ರಂಥಋಣದ ಪುಟಗಳನ್ನು ಮುದ್ರಿಸಿಕೊಂಡು ಗ್ರಂಥಾಲಯಕ್ಕೆ ಹೋಗಿ. ಒಬ್ಬ ಸಂಶೋಧಕರು ವರ್ಷಗಟ್ಟಲೆ ದುಡಿದು ಕಟ್ಟಿದ ದಾರಿಗಳು ಆ ಪುಟಗಳಲ್ಲಿವೆ. ದುಬಾರಿ ನಿಯತಕಾಲಿಕಗಳಿಗೆ ಕೇಂದ್ರ ಸರ್ಕಾರದ 'ಒಂದು ದೇಶ ಒಂದು ಚಂದಾ' ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಅದರ ವ್ಯಾಪ್ತಿಯಲ್ಲಿವೆ. ಆದರೆ ಆ ಯೋಜನೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ನಡೆಸುವ ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದು ರೂಪಿಸಿದ್ದು, ಖಾಸಗಿ ಕಾಲೇಜಿನ ವಿದ್ಯಾರ್ಥಿ ಹೊರಗುಳಿಯುತ್ತಾನೆ. ಅಂಥವನಿಗೆ ಪಕ್ಕದ ಸರ್ಕಾರಿ ವಿಶ್ವವಿದ್ಯಾಲಯದ ಓದುಕೋಣೆಯಲ್ಲಿ ಕುಳಿತು ಓದುವ ಅವಕಾಶ ಈಗ ಹಿಂದಿಗಿಂತ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಉದಾರವಾಗಿ ಕೊಡುವುದು ವಿಶ್ವವಿದ್ಯಾಲಯಗಳ ಕರ್ತವ್ಯ ಎಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳನ್ನು ನೀವು ಬಳಸುತ್ತೀರಿ, ನನಗೆ ಗೊತ್ತು. ಅವು ಕೊಡುವ ಪುಸ್ತಕಗಳ ಪಟ್ಟಿಯಲ್ಲಿ ಎಂದೂ ಪ್ರಕಟವಾಗದ ಪುಸ್ತಕಗಳೂ ಸೇರಿಕೊಂಡಿರುತ್ತವೆ. ಕ್ಯಾಟಲಾಗಿನಲ್ಲಿ ಕಾಣದ, ಕೈಯಲ್ಲಿ ಹಿಡಿಯದ ಯಾವ ಹೆಸರನ್ನೂ ಪ್ರಬಂಧದಲ್ಲಿ ಸೇರಿಸಬೇಡಿ.

ಸಾರ್ವಜನಿಕ ಗ್ರಂಥಾಲಯವನ್ನು ನಾನು ಕೊನೆಗೆ ಇಟ್ಟುಕೊಂಡದ್ದು ಅದು ಕಡಿಮೆಯದೆಂದಲ್ಲ. ನಗರ ಕೇಂದ್ರ ಗ್ರಂಥಾಲಯದ ಬಾಗಿಲು ದಾಟಲು ಪ್ರಾಚಾರ್ಯರ ಪತ್ರ ಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಮ್ಮ ಊರುಗಳಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಮನೆಯ ತೆರಿಗೆ ರಸೀದಿಯನ್ನು ಒಮ್ಮೆ ನೋಡಿ, ಆ ಸಾಲು ಅದರಲ್ಲಿದೆ. ನಿಮ್ಮ ತಂದೆ ತಾಯಿ ಪ್ರತಿ ವರ್ಷ ಕೊಡುವ ಹಣದಿಂದ ನಡೆಯುವ ಜಾಗ ಅದು. ಅಲ್ಪ ಠೇವಣಿ ಕಟ್ಟಿ ಸದಸ್ಯರಾದರೆ ಪುಸ್ತಕ ಮನೆಗೂ ಬರುತ್ತದೆ. ಇಂದು ಅಲ್ಲಿಯ ಓದುಕೋಣೆಗಳು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಂದ ತುಂಬಿರುತ್ತವೆ. ಅವರು ತಮ್ಮ ಪುಸ್ತಕಗಳನ್ನು ತಾವೇ ತಂದಿರುತ್ತಾರೆ, ಬೇಕಾಗಿರುವುದು ಕುರ್ಚಿ, ಮೇಜು ಮತ್ತು ಶಾಂತತೆ. ಅದು ನ್ಯಾಯವಾದ ಬಳಕೆಯೇ. ಆದರೆ ಅವರ ಬೆನ್ನ ಹಿಂದಿನ ಕಪಾಟುಗಳಲ್ಲಿ ಜಿಲ್ಲೆಯ ಲೇಖಕರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಸ್ಥಳಪುರಾಣಗಳು, ಊರಿನ ಇತಿಹಾಸಗಳು, ಅಭಿನಂದನ ಗ್ರಂಥಗಳು, ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗಳು ಇರುತ್ತವೆ. ವಿಶ್ವವಿದ್ಯಾಲಯದ ಖರೀದಿ ಪಟ್ಟಿಗೆ ಎಂದೂ ಸೇರದ ಈ ತೆಳ್ಳನೆಯ ಪುಸ್ತಕಗಳಲ್ಲಿ ಕೆರೆ ಕಟ್ಟಿಸಿದವರ ಮನೆತನದ ಹೆಸರು, ಹೂಳೆತ್ತಿದ ವರ್ಷ, ಕೆರೆಯ ದಂಡೆಯ ಗುಡಿಯ ಕಥೆ ಸಿಗುತ್ತವೆ. ಎಲ್ಲವನ್ನೂ ನಂಬಬೇಕೆಂದಿಲ್ಲ. ಗ್ಯಾಸೆಟಿಯರ್, ಜನಗಣತಿ, ಶಾಸನಗಳ ಜೊತೆಗಿಟ್ಟು ತಾಳೆ ನೋಡುವುದೇ ಸಂಶೋಧನೆಯ ಕೆಲಸ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಒಂದು, ಪ್ರತಿ ಪುಸ್ತಕಕ್ಕೂ ಅದರ ಓದುಗರು ಸಿಗಬೇಕು ಎಂಬುದು. ನವಲಗುಂದದ ಊರೊಂದರ ಜಾತ್ರೆಯ ಸ್ಮರಣ ಸಂಚಿಕೆಗೆ ಸರಿಯಾದ ಓದುಗರು ಯಾರೆಂದರೆ ನಮ್ಮ ಈ ವಿದ್ಯಾರ್ಥಿನಿಯೇ.

ಟಿಪ್ಪಣಿ ಬರೆಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ಟಿಪ್ಪಣಿಯ ಮೇಲೆ ಪುಸ್ತಕ, ವರ್ಷ, ಪುಟ, ಗ್ರಂಥಾಲಯದ ಹೆಸರು ಮತ್ತು ಪುಸ್ತಕದ ಬೆನ್ನಿನ ಮೇಲಿನ ಸಂಖ್ಯೆ ಇರಲಿ. ಸಂಶೋಧನೆಗಾಗಿ ಕೆಲವು ಪುಟಗಳ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. ಮಾರುಕಟ್ಟೆಯಲ್ಲಿರುವ ಪುಸ್ತಕವನ್ನು ಪೂರ್ತಿ ಜೆರಾಕ್ಸ್ ಮಾಡಿಸುವುದಕ್ಕೆ ಅದು ಅವಕಾಶವಲ್ಲ.

ಕೊನೆಯದಾಗಿ, ಪ್ರಬಂಧ ಮುಗಿದ ಮೇಲಿನ ಒಂದು ಕೆಲಸ. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾಕ್ಕೆ ಹೋಗುತ್ತವೆ. ಪದವಿ ಮತ್ತು ಎಂ.ಎ. ಕಿರುಪ್ರಬಂಧಗಳು ಅಂಕ ಬಿದ್ದ ಮೇಲೆ ವಿಭಾಗದ ಬೀರುವಿನಲ್ಲಿ ಕೆಲವು ವರ್ಷ ಇದ್ದು ರದ್ದಿಗೆ ಹೋಗುತ್ತವೆ. ಹಳ್ಳಿಹಳ್ಳಿಯ ಮೇಲೆ ಇಷ್ಟು ಶ್ರಮದಿಂದ ಸಂಗ್ರಹವಾದ ಮಾಹಿತಿ ಹೀಗೆ ಹಾಳಾಗುವುದನ್ನು ಕಂಡು ನನಗೆ ಬಹಳ ವ್ಯಥೆಯಾಗಿದೆ. ಆದ್ದರಿಂದ ಎರಡು ಪ್ರತಿ ಹೆಚ್ಚಿಗೆ ಮಾಡಿಸಿ. ಒಂದನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕೊಟ್ಟು ಸ್ವೀಕೃತಿ ಪತ್ರ ಪಡೆಯಿರಿ. ಇನ್ನೊಂದನ್ನು ನೀವು ಅಧ್ಯಯನ ಮಾಡಿದ ಊರಿನ ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ, ಅಂದರೆ ಈಗ ಅರಿವು ಕೇಂದ್ರವೆಂದು ಕರೆಯುವ ಜಾಗಕ್ಕೆ ಒಯ್ದು ಕೊಡಿ. ಮುಖಪುಟದಲ್ಲಿ ಊರು, ತಾಲೂಕು, ಜಿಲ್ಲೆಯ ಹೆಸರುಗಳನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಊರಿಗೆ ಹಳೆಯ ಹೆಸರೋ ಬೇರೆ ಕಾಗುಣಿತವೋ ಇದ್ದರೆ ಅದನ್ನೂ ಸೇರಿಸಿ, ಮಾಹಿತಿ ಸಂಗ್ರಹಿಸಿದ ವರ್ಷವನ್ನು ತಪ್ಪದೆ ನಮೂದಿಸಿ. ಕ್ಯಾಟಲಾಗಿಗೆ ಅದನ್ನು ಏರಿಸುವವರಿಗೆ ಬೇಕಾಗುವ ವಿವರಗಳು ಇವೇ.